ಇಂದಿನ ಚಿಂತನೆ: ದಾರದ ಮೂಲೆ



ಚಿತ್ತವಾಡ್ಗಿಯ ನಮ್ಮ ಗೌಂಡಿ ಅಣ್ಣ ಈ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾರೆ. ಮೊನ್ನೆ ರಾತ್ರಿ ಗ್ರೂಪಿಗೆ ಲೆಕ್ಕ ಹಾಕಿದರು: ಬಾಹುಗಳು 3, 4, 6, ಲಂಬಕೋನ ತ್ರಿಭುಜವೇ? ಹೌದೆಂದು ಬರೆದಿದ್ದರು. ನಾನು ಮೇಷ್ಟ್ರ ಚಟಕ್ಕೆ ಪೂರ್ತಿ ಉತ್ತರ ಕಳಿಸಿದೆ.

"ಉತ್ರ ಬ್ಯಾಡ್ರಿ ಸರ್, ನಾ ಎಲ್ಲಿ ತಪ್ಪೀನಿ ಅಷ್ಟ ಹೇಳ್ರಿ."

ನಾಚಿಕೆಯಾಯಿತು. ಧಮ್ಮದ ವಿಷಯದಲ್ಲಿ 'ಏಹಿಪಸ್ಸಿಕೋ', ಬಂದು ನೋಡು, ಎಂದು ದಿನಾ ಬರೆಯುವವನು ನಾನೇ.

ಇನ್ನೊಬ್ಬರು ಕೇಳಿದರು: "ಪಾಯಕ್ಕೆ ದಾರ ಕಟ್ಟುವಾಗ ಮೂಲೆ ಹೆಂಗ ನೋಡ್ತೀರಣ್ಣ?"

ಒಂದು ಕಡೆ 3 ಅಡಿ, ಇನ್ನೊಂದು ಕಡೆ 4, ಓರೆ 5 ಬಂದರೆ ಮೂಲೆ ಸರಿ. 9ಕ್ಕೆ 16 ಕೂಡಿದರೆ 25. 5ರ ವರ್ಗವೂ 25. 6ರದು 36. "ಮೂಲಿ ಬಿಚ್ಚೇತ್ರಿ!" ಎಂದರು, ಅವರೇ.

(12ನೇ ಶತಮಾನದಲ್ಲೇ ರಾಜಾದಿತ್ಯ ಕ್ಷೇತ್ರಗಣಿತವನ್ನು ಕನ್ನಡದಲ್ಲಿ ಬರೆದ. ಎಂ.ಎ.ಯಲ್ಲಿ ನಾವು ಅವನ ಹೆಸರಷ್ಟೇ ಓದಿದೆವು.)

ಇಂದು ವೃತ್ತದ ಲೆಕ್ಕ ಹಾಕಿದ್ದಾರೆ. ನಾನಿನ್ನೂ ಉತ್ತರ ಬರೆದಿಲ್ಲ.