ಮನೆ ಬಿಯರ್‌ಗೆ ಹದ ತರುವ ಏಳು ಸೂತ್ರಗಳು

ಅಮೆರಿಕದ ಕೇಂದ್ರ ಕಾನೂನು ಮನೆಯಲ್ಲಿ ಬಿಯರ್ ತಯಾರಿಸಲು 1978ರಲ್ಲಿ ದಾರಿ ಮಾಡಿಕೊಟ್ಟಿತು. 2013ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳೂ ಒಪ್ಪಿದವು. ಅಲ್ಲಿ ನೆಲೆಸಿ ಈ ಹವ್ಯಾಸ ಹಿಡಿದ ಕನ್ನಡಿಗರು ಕಿಟ್ ತಂದು ಒಂದೆರಡು ಬ್ಯಾಚ್ ಮುಗಿಸಿದ್ದರೆ, ಮುಂದೆ ಬೇಕಾಗುವುದು ದುಬಾರಿ ಸಲಕರಣೆಯಲ್ಲ, ಹತೋಟಿ.

1. ತೊಳೆದರಷ್ಟೇ ಸಾಲದು. ಕೊಳೆ ಹೋದ ಮೇಲೆ ಸ್ಯಾನಿಟೈಜರ್ ಹಾಕಿ. ಹುದುಗುವ ಪಾತ್ರೆಯ ನಲ್ಲಿಯನ್ನು ಪೂರ್ತಿ ಬಿಚ್ಚಿ, ತಿರುಪಿನ ಸಂದುಗಳನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಜಿಗುಟು ಕೂರುವುದು ಅಲ್ಲೇ, ಬಿಯರ್ ಹುಳಿಯಾಗುವುದೂ ಅಲ್ಲಿಂದಲೇ.

2. ಯೀಸ್ಟ್‌ಗೆ ತಂಪು ಕೊಡಿ. ಹೆಚ್ಚಿನ ಏಲ್ ಯೀಸ್ಟ್‌ಗಳಿಗೆ 18–20 ಡಿಗ್ರಿ ಸೆಲ್ಸಿಯಸ್ ಹಿತ. ಬೇಸಿಗೆಯ ಇಡ್ಲಿ ಹಿಟ್ಟಿನಂತೆ ಸೆಕೆಯಲ್ಲಿ ಅದೂ ಹದ ಮೀರುತ್ತದೆ, ಗಂಟಲು ಸುಡುವ ಘಾಟು ಬರುತ್ತದೆ. ಹುದುಗುವಾಗ ಬಿಯರ್ ತಾನೇ ಕಾವೇರುವುದರಿಂದ ಥರ್ಮಾಮೀಟರನ್ನು ಗೋಡೆಗಲ್ಲ, ಪಾತ್ರೆಗೇ ಅಂಟಿಸಿ. ಹಳೆಯ ಫ್ರಿಜ್‌ಗೆ ಒಂದು ಟೆಂಪರೇಚರ್ ಕಂಟ್ರೋಲರ್ ಜೋಡಿಸುವುದು ಈ ಹವ್ಯಾಸದಲ್ಲಿ ಮಾಡಬಹುದಾದ ಅತ್ಯುತ್ತಮ ಖರ್ಚು.

3. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ನಂಬಿ. ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಬೇಡಿ. ಎರಡು ಮೂರು ದಿನ ಅಂಕಿ ಒಂದೇ ಇದ್ದರೆ ಮಾತ್ರ ತುಂಬಿ. ಸಕ್ಕರೆ ಉಳಿದಿದ್ದರೆ ಬಾಟಲಿ ಸಿಡಿಯಬಹುದು. ಹುದುಗುವ ಮೊದಲು ಅಂಕಿ 1.050, ಕೊನೆಗೆ 1.010 ಇದ್ದರೆ, ವ್ಯತ್ಯಾಸವನ್ನು 131.25ರಿಂದ ಗುಣಿಸಿ: ಆಲ್ಕೋಹಾಲ್ ಶೇ 5.25.

4. ಡಬ್ಬಿಯ ಮಾಲ್ಟ್ ಸಾರದಿಂದ ಕಾಳಿಗೆ ಬನ್ನಿ. ದೊಡ್ಡ ಪಾತ್ರೆ, ಬಟ್ಟೆಯ ಚೀಲ, ತರಿ ಮಾಡಿದ ಬಾರ್ಲಿ ಮಾಲ್ಟ್ ಇದ್ದರೆ ಸಾಕು. ಒಂದು ಗಂಟೆ ಬಿಸಿನೀರಿನಲ್ಲಿ ನೆನೆಸಿ. 65 ಡಿಗ್ರಿಯಲ್ಲಿ ಹಗುರ ಬಿಯರ್, 69ರಲ್ಲಿ ಬಾಯಿ ತುಂಬುವ ಬಿಯರ್.

5. ನೀರನ್ನು ಮರೆಯಬೇಡಿ. ನಲ್ಲಿ ನೀರಿನ ಕ್ಲೋರಮೈನ್ ಬಿಯರ್‌ಗೆ ಔಷಧದ ವಾಸನೆ ತರುತ್ತದೆ. ಅದನ್ನು ಹೋಗಲಾಡಿಸಲು 20 ಗ್ಯಾಲನ್ ನೀರಿಗೆ ಒಂದು ಕ್ಯಾಂಪ್ಡೆನ್ ಮಾತ್ರೆ ಸಾಕು.

6. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಮಾಲ್ಟ್, ಒಂದೇ ಹಾಪ್ಸ್‌ನಿಂದ ತಯಾರಿಸಿ. ಕ್ಯಾಸ್ಕೇಡ್ ಎಂಬ ಹಾಪ್ಸ್ ಹಾಕಿದರೆ ಚಕ್ಕೋತದಂಥ ಘಮ. ಮುಂದಿನ ಸಲ ಉಳಿದದ್ದೆಲ್ಲ ಹಾಗೇ ಇಟ್ಟು ಚೆಕ್ ನಾಡಿನ ಸಾಜ್ ಹಾಕಿ ನೋಡಿ. ತೂಕ, ಶಾಖ, ದಿನಾಂಕ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಬರೆದಿಡದಿದ್ದರೆ ಚೆನ್ನಾಗಿ ಬಂದ ಬಿಯರನ್ನು ಮತ್ತೆ ತಯಾರಿಸಲಾಗದು.

7. ಅಪರಿಚಿತರಿಗೆ ಕೊಡಿ. ಗೆಳೆಯರು ಹೊಗಳಿಯೇ ಹೊಗಳುತ್ತಾರೆ. ಸ್ಪರ್ಧೆಯ ತೀರ್ಪುಗಾರರು 50ಕ್ಕೆ ಅಂಕ ಕೊಟ್ಟು, ತಪ್ಪು ಎಲ್ಲಾಯಿತೆಂದೂ ಬರೆದು ಕಳಿಸುತ್ತಾರೆ. ಅಂಕಕ್ಕಿಂತ ಆ ಟಿಪ್ಪಣಿಯೇ ಮುಖ್ಯ.

ಒಂದು ಎಚ್ಚರಿಕೆ: ಅಮೆರಿಕದಲ್ಲೂ ಮನೆ ಬಿಯರ್ ಮಾರುವಂತಿಲ್ಲ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ತಯಾರಿಸುವುದೇ ಅಪರಾಧ. ಕಾನೂನು ಬಿಟ್ಟಿರುವ ಕಡೆ ಮಾತ್ರ ತಯಾರಿಸಿ, ಅಳತೆ ತಪ್ಪದೆ ತಯಾರಿಸಿ, ಮಿತಿಯಲ್ಲಿ ಕುಡಿಯಿರಿ.