ಊರಿನ ಹೆಸರೆಂಬ ಆಸ್ತಿ

ಮೊದಲು ಜ್ಞಾನೋಕ್ತಿಗಳು 22:1ನ್ನು ಓದಿಕೊಳ್ಳಿರಿ. ಒಳ್ಳೇ ಹೆಸರು ಬೆಳೆಗೂ ಆಸ್ತಿಯೇ. ಕುಮಟೆಯ ಸಿಹಿ ಈರುಳ್ಳಿಯೂ ಭಟ್ಕಳದ ಮಲ್ಲಿಗೆಯೂ ಊರಿನ ಹೆಸರಿನಿಂದಲೇ ಬೆಲೆ ಪಡೆಯುತ್ತವೆ. ಬೇರೆಡೆಯ ಸರಕಿಗೆ ಆ ಹೆಸರಿಟ್ಟು ಮಾರಿದರೆ ಕೊಳ್ಳುವವನಿಗೆ ಮೋಸ, ಬೆಳೆದವನಿಗೆ ನಷ್ಟ.

ಇದನ್ನು ತಡೆಯುವದಕ್ಕಾಗಿ 1999ರಲ್ಲಿ ಭೌಗೋಳಿಕ ಸೂಚಕಗಳ ಕಾನೂನು ಆಯಿತು. 2003ರಲ್ಲಿ ಅದು ಜಾರಿಗೆ ಬಂತು. ಬೆಳೆಗಾರರ ಸಂಘವು ಚೆನ್ನೈಯ ಕಚೇರಿಗೆ ಅರ್ಜಿ ಕೊಟ್ಟು, ಬೆಳೆಯ ಗುಣವು ಆ ಸ್ಥಳದಿಂದಲೇ ಬಂದದ್ದೆಂದು ತೋರಿಸಬೇಕು. ನೋಂದಣಿಯು 10 ವರುಷ ನಡೆಯುವದು, ಬಳಿಕ ನವೀಕರಿಸಬಹುದು. ನಮ್ಮ ಜಿಲ್ಲೆಯ ಶಿರಸಿ ಅಡಿಕೆಗೆ 2019ರಲ್ಲಿಯೂ ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿಯೂ ಈ ಗುರುತು ದೊರೆಯಿತು.

ಗುರುತು ತಾನಾಗಿ ಹೊಟ್ಟೆ ತುಂಬಿಸದು. ಬೆಳೆಗಾರನು ಅಧಿಕೃತ ಬಳಕೆದಾರನಾಗಿ ಹೆಸರು ಬರೆಸಬೇಕು. ಸಂಘವು ಗುಣವನ್ನು ಪರೀಕ್ಷಿಸುತ್ತಿರಬೇಕು. ಹೀಗೆ ನ್ಯಾಯವಾದ ಬೆಲೆ ಸಿಕ್ಕಿದರೆ ಹಳೆಯ ತಳಿ ಉಳಿಯುವದು. ಕೂಲಿಗಾಗಿ ಊರು ಬಿಡುವ ಮಕ್ಕಳು ಕಡಿಮೆಯಾಗುವರು. ಆದರೆ ತನ್ನ ಗೊಂಚಲಿನಲ್ಲಿ ಪರವೂರಿನ ಗಡ್ಡೆ ಸೇರಿಸುವವನು ನೆರೆಯವರೆಲ್ಲರ ಅನ್ನಕ್ಕೆ ಕಲ್ಲು ಹಾಕುವನು.

ವಿಚಾರಿಸಿರಿ: ಭಟ್ಕಳ, ಹೊನ್ನಾವರ, ಕುಮಟೆಗಳ ಸಂತೆಯಲ್ಲಿ ನಮ್ಮ ಬುಟ್ಟಿಯ ಮೇಲಿನ ಹೆಸರು ಒಳಗಿನ ಸರಕಿಗೆ ಒಪ್ಪುವದೋ? ಗುರುತಿಗಾಗಿ ಒಂದೇ ಸಂಘದಲ್ಲಿ ನೆರೆಯವರೊಂದಿಗೆ ಕೂಡುವದಕ್ಕೆ ನಾವು ಸಿದ್ಧರೋ?