ಗರ್ಭದಲ್ಲಿ ಮಗುವಿನ ಮುಖ ಮೂಡುವ ಬಗೆ



ಸೀಳುತುಟಿಯ ಮಗು ಹುಟ್ಟಿದರೆ, ‘ಗ್ರಹಣದ ಹೊತ್ತಿನಲ್ಲಿ ಬಸುರಿ ಕತ್ತರಿ ಹಿಡಿದಳು’ ಎಂದು ತಾಯಿಯನ್ನೇ ದೂಷಿಸುವ ಮಾತು ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆ ಇನ್ನೂ ಕೇಳಿಬರುತ್ತದೆ. ಮುಖ ಮೂಡುವ ಕ್ರಮವನ್ನು ತಿಳಿದರೆ ಇದು ಸುಳ್ಳೆಂಬುದು ಸ್ಪಷ್ಟವಾಗುವುದು.

ಟಿ.ಬಿ. ಡ್ಯಾಂನ ಕಟ್ಟೆಯನ್ನು ನೋಡಿರಿ. 1945ರಲ್ಲಿ ಆರಂಭವಾದ ಆ ಕೆಲಸದಲ್ಲಿ ಎಡದಡದ ಭಾಗವನ್ನು ಹೈದರಾಬಾದಿನವರೂ ಬಲದಡದ ಭಾಗವನ್ನು ಮದರಾಸಿನವರೂ ಕಟ್ಟಿ ಕೂಡಿಸಿದರು. ಮುಖವೂ ಹೀಗೆಯೇ ಬೇರೆಬೇರೆ ಭಾಗಗಳು ಕೂಡಿ ಆಗುವಂಥದು. ಗರ್ಭ ನಿಂತ ನಾಲ್ಕನೆಯ ವಾರದಲ್ಲಿ ಬಾಯಿಯ ಸ್ಥಾನದ ಸುತ್ತ ಐದು ಉಬ್ಬುಗಳು ಮೂಡುತ್ತವೆ: ಹಣೆ ಮತ್ತು ಮೂಗಿನದು ಒಂದು, ಮೇಲ್ದವಡೆಯವು ಎರಡು, ಕೆಳದವಡೆಯವು ಎರಡು. ಏಳನೆಯ ವಾರದ ವೇಳೆಗೆ ಮೇಲ್ತುಟಿಯೂ, ಸುಮಾರು 12ನೆಯ ವಾರಕ್ಕೆ ಅಂಗುಳವೂ ಕೂಡಿಕೊಳ್ಳುತ್ತವೆ.

ಆದುದರಿಂದ ಸೀಳುತುಟಿಯು ಕತ್ತರಿಸಿದ ಗಾಯವಲ್ಲ. ಕೂಡದೆ ಉಳಿದ ಸಂದು. ಕೂಡಿ ಮುಗಿದ ತುಟಿಯನ್ನು ಐದನೆಯ ತಿಂಗಳ ಗ್ರಹಣ ಸೀಳಲಾರದು. ಗ್ರಹಣವು ಬರಿಯ ನೆರಳು. ಮೊದಲ ತಿಂಗಳಲ್ಲಿಯೂ ಅದಕ್ಕೆ ಆ ಶಕ್ತಿಯಿಲ್ಲ. ವಂಶಗುಣ, ತಂಬಾಕು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಮಾತ್ರೆಗಳು ಇದಕ್ಕೆ ಕಾರಣವಾಗಬಹುದು. ಆದರೆ ವೈದ್ಯರನ್ನು ಕೇಳದೆ ಆ ಮಾತ್ರೆಗಳನ್ನು ನಿಲ್ಲಿಸಬಾರದು. ಅನೇಕ ಮಕ್ಕಳಲ್ಲಿ ಇಂಥದೇ ಕಾರಣವೆಂದು ಹೇಳಲಾಗುವುದಿಲ್ಲ.

ತಲೆಯ ರಚನೆ ಇನ್ನೂ ಬೇಗ ತೊಡಗುತ್ತದೆ. ಮೆದುಳು ಮತ್ತು ಬೆನ್ನುಹುರಿಯಾಗುವ ನಾಳವು ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅದರ ಮೇಲ್ತುದಿ ಮುಚ್ಚದಿದ್ದರೆ ಬುರುಡೆಯ ಮೇಲ್ಭಾಗ ಬೆಳೆಯದು; ಅಂತಹ ಮಗು ಬದುಕುವುದಿಲ್ಲ. ಮುಟ್ಟು ತಪ್ಪಿತೆಂದು ನೀವು ಗಮನಿಸುವಷ್ಟರಲ್ಲಿ ಈ ಕಾಲ ಬಹುಪಾಲು ಕಳೆದಿರುತ್ತದೆ. ಆದಕಾರಣ ಮಗು ಬೇಕೆಂದು ನಿರ್ಧರಿಸಿದಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ತೆಗೆದುಕೊಳ್ಳಲು ಆರಂಭಿಸಿ, ಮೊದಲ ಮೂರು ತಿಂಗಳು ಮುಂದುವರಿಸಿರಿ. ಸೊಪ್ಪು, ಹೆಸರುಕಾಳು, ಕಡಲೆಗಳನ್ನೂ ಊಟದಲ್ಲಿ ಬಳಸಿರಿ.

ಹುಟ್ಟುವಾಗ ಬುರುಡೆಯ ಮೂಳೆಗಳು ಪೂರ್ತಿ ಬೆಸೆದಿರುವುದಿಲ್ಲ. ಹೆರಿಗೆ ಸುಗಮವಾಗಲು, ಮೆದುಳು ಬೆಳೆಯಲು ಪ್ರಕೃತಿ ಬಿಟ್ಟ ಎಡೆ ಅದು. ಮೆತ್ತನೆಯ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಅದನ್ನು ಒತ್ತಿ ತಿದ್ದಬೇಡಿರಿ.

ಸೀಳುತುಟಿಯ ಮಗುವನ್ನು ಮರೆಮಾಡಬೇಡಿರಿ. ಅದು ಮೊಲೆ ಚೀಪಲಾರದಿದ್ದರೆ ತಾಯಿಯ ಹಾಲನ್ನೇ ಹಿಂಡಿ, ತಲೆಯನ್ನು ಎತ್ತರಕ್ಕೆ ಹಿಡಿದು, ಚಮಚದಿಂದ ನಿಧಾನವಾಗಿ ಕುಡಿಸಿರಿ. ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ತುಟಿಗೆ, 9ರಿಂದ 18 ತಿಂಗಳಲ್ಲಿ ಅಂಗುಳಕ್ಕೆ ಶಸ್ತ್ರಚಿಕಿತ್ಸೆ ನಡೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಇಂದೇ ಕಾಣಿರಿ.

ಮನೆಯ ಹಿರಿಯರು ತಾಯಿಗೆ ನಿಂದೆಯ ಮಾತನ್ನಾಡದೆ, ಆಸ್ಪತ್ರೆಗೆ ಹೋಗುವಾಗ ಜೊತೆಗೂಡಲಿ.